ಎರಡು ಕಿಟಕಿಯ ಗಾಳಿ

ಸ್ತಾಮೆಂಕಾಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಬೀದಿಯವರು ಹೇಳುತ್ತಿದ್ದರು. ಸುಳ್ಳು. ಮೂಗಿನ ತುದಿಯದಾದರೆ ಒಂದು ಸೀನಿಗೆ ಹಾರಿಹೋಗುತ್ತಿತ್ತು. ಅವಳದು ಹೊಟ್ಟೆಯೊಳಗಿನದು. ಇಪ್ಪತ್ತೈದು ವರ್ಷದಿಂದ ಅದಕ್ಕೆ ಸೌದೆ ಒಟ್ಟುತ್ತಾ ಬಂದವರು ಇಬ್ಬರು: ಗಂಡ ಚೆದಾ, ಮತ್ತು ಅವನ ಸ್ತೊಯಾದಿನ್.

ಸ್ತೊಯಾದಿನ್ ಅಂದರೆ ಅವರ ಕಾರು. ಅದಕ್ಕೆ ಕಾರ್ಖಾನೆಯವರು ಇಟ್ಟಿದ್ದು ಬರೀ ಒಂದು ನಂಬರು. ಆದರೆ ನಂಬರು ಕರೆದು ಬೈಯೋಕೆ ಆಗುತ್ತದೆಯೇ? ಬೈಯೋಕೆ ಹೆಸರು ಬೇಕು. ಅದಕ್ಕೇ ನಮ್ಮ ಸರ್ಬಿಯಾದ ಜನ ಆ ನಂಬರನ್ನೇ ತಿರುಚಿ ಗಂಡಸಿನ ಹೆಸರು ಮಾಡಿಬಿಟ್ಟರು. ಚೆದಾನ ಸ್ತೊಯಾದಿನ್‌ನಲ್ಲಿ ಕಿಲೋಮೀಟರು ತೋರಿಸುವ ಅಂಕಿ ಮೂರು ಸಲ ಪೂರ್ತಿ ಸುತ್ತಿ ಸೊನ್ನೆಗೆ ಬಂದಿತ್ತು. ಒಂದೊಂದು ಸಲ ಸೊನ್ನೆ ಬಂದಾಗಲೂ ಚೆದಾ ಬೀದಿಯವರನ್ನೆಲ್ಲ ಕರೆದು ಪ್ಲಮ್ ಹಣ್ಣಿನ ಸಾರಾಯಿ ಕುಡಿಸಿದ್ದ. ಮಗಳು ನೆವೆನಾ ಹುಟ್ಟಿದಾಗ ಕುಡಿಸಿದ್ದಕ್ಕಿಂತ ಒಂದು ಲೋಟ ಹೆಚ್ಚೇ ಅಂತ ಸ್ತಾಮೆಂಕಾಳ ಲೆಕ್ಕ.

ಚೆದಾ ರೈಲಿನಲ್ಲಿ ಟಿಕೆಟು ನೋಡುತ್ತಿದ್ದ ಮನುಷ್ಯ. ಆದರೆ ಅಂಗಳದಲ್ಲಿ ಬಾನೆಟ್ ಎತ್ತಿದನೋ, ಮೇಸ್ತ್ರಿ. ಬೇರೆ ಯಾರ ಕೈಯೂ ಸ್ತೊಯಾದಿನ್‌ಗೆ ತಾಗಕೂಡದು. ಆಯಿಲ್ ಅವನೇ ಬದಲಿಸಬೇಕು, ಪ್ಲಗ್ ಅವನೇ ಉಜ್ಜಬೇಕು, ಬೆಲ್ಟ್ ಅವನೇ ಬಿಗಿ ಮಾಡಬೇಕು. ಅವನೇ ಅಂದರೆ ಅವನೂ ಅವಳೂ. ದೀಪ ಹಿಡಿಯೋದು ಅವಳು, ಬಿದ್ದ ನಟ್ಟು ಹುಡುಕೋದು ಅವಳು, ಎಣ್ಣೆ ಬಟ್ಟೆ ಒಗೆಯೋದು ಅವಳು. ಬ್ರೇಕಿನೊಳಗಿನ ಗಾಳಿ ತೆಗೆಯುವ ಭಾನುವಾರವಂತೂ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಅವಳು ಒಳಗೆ ಕೂತು ಪೆಡಲ್ ಒತ್ತಬೇಕು, ಅವನು ಚಕ್ರದ ಹತ್ತಿರ ಅಂಗಾತ ಮಲಗಿ ಕಿರುಚಬೇಕು.

"ಒತ್ತು!"

"ಒತ್ತಿದೆ."

"ಹಿಡ್ಕೋ!"

"ಹಿಡ್ಕೊಂಡಿದೀನಿ."

"ಬಿಡು ಅಂದ್ನಾ ನಾನು? ಅಂದ್ನಾ?"

"ಬಿಟ್ಟಿಲ್ಲ ಮಾರಾಯ!"

"ಬಿಟ್ಟೆ! ಗಾಳಿ ಒಳಗೆ ಹೋಯ್ತು! ಮೊದಲಿಂದ ಶುರು ಮಾಡು!"

ಬೇಲಿಯಾಚೆಯಿಂದ ಯಾರಾದರೂ "ಸ್ತಾಮೆಂಕಾ, ಒತ್ತಿಬಿಡೇ ಅವನ ಕುತ್ತಿಗೇನೇ" ಅಂತ ಕೂಗಿ ನಗೋರು. ಅವಳೂ ನಗೋಳು, ಕಾಲು ಪೆಡಲಿನ ಮೇಲೇ ಇಟ್ಟುಕೊಂಡು. ಡ್ರೈವಿಂಗ್ ಲೈಸೆನ್ಸ್ ಅವಳಿಗೂ ಇತ್ತು, ಚಪ್ಪಲಿ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಕಾಲದ್ದು. ಆದರೆ ಬ್ರೇಕ್ ಬಿಟ್ಟು ಬೇರೆ ಪೆಡಲು ಒತ್ತುವ ಭಾಗ್ಯ ಚೆದಾನ ಮನೆಯಲ್ಲಿ ಅವಳಿಗೆ ಬರಲೇ ಇಲ್ಲ.

ಆ ವಸಂತದಲ್ಲಿ ಇಂಜಿನ್ನಿನಿಂದ ಸೈಲೆನ್ಸರ್ ಪೈಪಿಗೆ ಸೇರುವ ಜಾಗದಲ್ಲಿ ಸಂದು ಮುಚ್ಚುವ ಪ್ಯಾಕಿಂಗ್ ಸುಟ್ಟುಹೋಯಿತು. ಚೆದಾ ಎಲ್ಲ ಬಿಚ್ಚಿ ಬೇರೆ ಪ್ಯಾಕಿಂಗ್ ಹಾಕಿದ. ಅದಾದ ಮೇಲೆ ಬೆಳಗ್ಗೆ ತಣ್ಣಗಿನ ಇಂಜಿನ್ ಶುರು ಮಾಡಿದರೆ ಟಕ್ ಟಕ್ ಅಂತ ಸದ್ದು. "ಟ್ಯಾಪೆಟ್" ಅಂದ ಚೆದಾ, ಅಂದರೆ ಇಂಜಿನ್ನಿನ ತಲೆಯಲ್ಲಿ ವಾಲ್ವ್ ಬಡಿಯುವ ಸದ್ದು. ಟ್ಯಾಪೆಟ್ ಸರಿಮಾಡಿದ, ಅವಳು ದೀಪ ಹಿಡಿದಳು. ಸದ್ದು ಹೋಗಲಿಲ್ಲ. ಮತ್ತೆ ಸರಿಮಾಡಿದ, ಮತ್ತೆ ಹಿಡಿದಳು. ಕೊನೆಗೆ, "ವಯಸ್ಸಾದವರು ಕೆಮ್ತಾರೆ, ಬಿಡು" ಅಂದುಬಿಟ್ಟ.

ಅದೇ ಬೇಸಿಗೆಯಲ್ಲಿ ನೆವೆನಾ ಬಸುರಿಯಾಗಿ ತವರಿಗೆ ಬಂದಿದ್ದಳು. ಅವಳ ಗಂಡ ಲಾರಿ ಓಡಿಸುವವನು, ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ಅದಕ್ಕೇ ಗುರುವಾರ ಗುರುವಾರ ಪಟ್ಟಣದ ಆಸ್ಪತ್ರೆಗೆ ತೋರಿಸೋಕೆ ಅಪ್ಪನ ಸ್ತೊಯಾದಿನ್‌ನಲ್ಲೇ ಹೋಗಬೇಕು. ಮುಂದೆ ಚೆದಾ, ಹಿಂದಿನ ಸೀಟಿನಲ್ಲಿ ತಾಯಿ ಮಗಳು. ತಿಮೋಕ್ ನದಿಯ ಪಕ್ಕದ ದಾರಿಯಲ್ಲಿ ಏರು ಬಂತೆಂದರೆ ಇಂಜಿನ್ ಕುದಿಯೋಕೆ ಶುರು. ಅದಕ್ಕೆ ಚೆದಾನ ಹತ್ತಿರ ಮದ್ದಿತ್ತು, ನಮ್ಮಲ್ಲಿ ಹಳೇ ಕಾರಿಟ್ಟವರಿಗೆಲ್ಲ ಗೊತ್ತಿರುವ ಮದ್ದೇ: ಹೀಟರ್ ಪೂರ್ತಿ ಹಚ್ಚೋದು. ಇಂಜಿನ್ನಿನ ಶಾಖವೆಲ್ಲ ಕಾರಿನೊಳಗೆ ಬರುತ್ತದೆ, ಇಂಜಿನ್ ತಣ್ಣಗಾಗುತ್ತದೆ. ಒಳಗೆ ಕೂತವರು ಬೆಂದರೆ ಬೇಯಲಿ. ಆಗಸ್ಟ್ ತಿಂಗಳ ಬಿಸಿಲಲ್ಲಿ ಹೀಟರ್!

ಕಿಟಕಿ ತೆಗೆದರೆ ಆಗದೇ ಅಂತ ಕೇಳಬಹುದು. ಆಗೋದಿಲ್ಲ. ಪ್ರೊಮಾಯಾ ಬರುತ್ತದೆ.

ನಮ್ಮ ಕಡೆ ಹಾವು ಕಚ್ಚಿ ಸತ್ತವರಿಗಿಂತ ಪ್ರೊಮಾಯಾ ಹೊಡೆದು ಸತ್ತವರೇ ಜಾಸ್ತಿ ಅಂತ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾಳೆ. ಒಂದು ಕಿಟಕಿ ತೆರೆದರೆ ಬರೋದು ಬರೀ ಗಾಳಿ. ಎದುರಿನದೂ ತೆರೆದರೆ ಎರಡರ ನಡುವೆ ಹಾಯುವುದು ಪ್ರೊಮಾಯಾ. ಅದು ಕುತ್ತಿಗೆ ಹಿಡಿಯುತ್ತದೆ, ಮೂತ್ರಪಿಂಡ ಕೊರೆಯುತ್ತದೆ, ಹೆಂಗಸರ ಗರ್ಭಕ್ಕೆ ಇಳಿಯುತ್ತದೆ. ಹಿಂದಿನ ಚಳಿಗಾಲದಲ್ಲಿ ಚೆದಾನ ಅರ್ಧ ಮುಖವೇ ಸೊಟ್ಟಗಾಗಿ ಎರಡು ತಿಂಗಳು ಸೂಪು ಗಲ್ಲದ ಮೇಲೆ ಸುರಿದಿತ್ತು. ಪ್ರೊಮಾಯಾ ಅಲ್ಲದೆ ಇನ್ನೇನು?

ಈಗ ಕೇಳಿ ತಮಾಷೆ. ಚೆದಾ ಸಿಗರೇಟು ಸೇದುವವನು. ಬೂದಿ ಕೊಡವೋಕೆ ಅವನ ಕಿಟಕಿ ಯಾವಾಗಲೂ ಒಂದು ಬೆರಳಷ್ಟು ತೆರೆದೇ ಇರಬೇಕು. ಒಂದು ಕಿಟಕಿ ಆಗಲೇ ತೆರೆದಾಯಿತಲ್ಲ, ಇನ್ನೊಂದು ಯಾರೂ ತೆರೆಯುವ ಹಾಗಿಲ್ಲ. ಯಜಮಾನನಿಗೆ ಗಾಳಿ, ಹಿಂದಿನವರಿಗೆ ನ್ಯಾಯ.

ಆಸ್ಪತ್ರೆಗೆ ಹೋಗಿಬಂದ ದಿನವೆಲ್ಲ ಸ್ತಾಮೆಂಕಾಳ ತಲೆಯೂ ಸಿಡಿಯುತ್ತಿತ್ತು, ಬಿಸಿಲು ಅಂದುಕೊಂಡಳು; ನೆವೆನಾಗಂತೂ ತಲೆ ಒಡೆದುಹೋಗುವ ನೋವು, ವಾಂತಿ. ಬಸುರಿಗೆ ಇದೆಲ್ಲ ಇದ್ದದ್ದೇ ಅಂದಿತು ಬೀದಿ. ಡಾಕ್ಟರಿಗೂ ಅವಳು ಹೇಳಲಿಲ್ಲ, ಇದ್ದದ್ದನ್ನು ಹೇಳೋದೇನು? ಆಗಸ್ಟಿನ ಕೊನೆಯ ಗುರುವಾರ ವಾಪಸು ಬರುವಾಗ ಅವಳಿಗೆ ತಡೆಯಲಾಗಲಿಲ್ಲ. ಹಿಡಿ ತಿರುಗಿಸಿ ತನ್ನ ಕಡೆಯ ಗಾಜು ಎರಡು ಬೆರಳು ಇಳಿಸಿದಳು.

"ಕಿಟಕಿ!" ಅಂತ ಚೆದಾ ಕನ್ನಡಿಯಲ್ಲೇ ಗದರಿದ.

"ಅಪ್ಪಾ, ಉಸಿರು ಕಟ್ತಿದೆ."

"ನಿನ್ನಪ್ಪನ ಮುಖ ಸೊಟ್ಟ ಆಗಿದ್ದು ಮರೆತೆಯಾ?"

ಅವನು ಗದರಿದ, ಅಷ್ಟೇ. ಗಾಜು ಏರಿಸಿದ್ದು ಸ್ತಾಮೆಂಕಾ. ಮಗಳ ಹೊಟ್ಟೆಯ ಮೇಲಿಂದ ಬಾಗಿ ಹಿಡಿ ಹಿಡಿದು ಗರಗರ ತಿರುಗಿಸಿ ಮುಚ್ಚಿದಳು. "ಹೊಟ್ಟೇಲಿರೋ ಮಗೂನ ಯೋಚನೆ ಮಾಡೇ, ಬುದ್ಧಿ ಇಲ್ವಾ?" ಅಂತ ಬೈದಳು ಕೂಡ.

ಮನೆ ಮುಟ್ಟಿದಾಗ ನೆವೆನಾ ನಿದ್ದೆಯಲ್ಲಿದ್ದಳು. ಎಬ್ಬಿಸಿದರೆ ಏಳಲಿಲ್ಲ. ಕೆನ್ನೆ ತಟ್ಟಿದರು, ಏಳಲಿಲ್ಲ. ಸ್ತಾಮೆಂಕಾ ಕೂಗಿಕೊಂಡಳು. ಇಬ್ಬರು ಸೇರಿ ಎಳೆದು ಅಕ್ರೋಟು ಮರದ ಕೆಳಗೆ ಮಲಗಿಸಿ ಮುಖಕ್ಕೆ ನೀರು ಹೊಡೆದ ಮೇಲೆ ಕಣ್ಣು ಬಿಟ್ಟು, ಪಕ್ಕಕ್ಕೆ ಹೊರಳಿ ಕಾರಿಕೊಂಡಳು. ಬೀದಿಯ ಹೆಂಗಸರು ಸೇರಿದರು. ಮೊದಲ ಬಸುರು ಅಂದರು, ಕಣ್ಣು ಬಿದ್ದಿದೆ ಅಂದರು. ಸ್ತಾಮೆಂಕಾಳಿಗೂ ಕಣ್ಣು ಕತ್ತಲೆ ಬಂದು, ಬೇಲಿ ಹಿಡಿದು ಬಾಗಿ ಅವಳೂ ವಾಂತಿ ಮಾಡಿದಳು.

"ಅಯ್ಯೋ, ನಿನಗೇನಾಯ್ತೇ?" ಅಂದಳು ಪಕ್ಕದ ಮನೆಯವಳು.

"ನಾನೂ ಬಸುರಿ!" ಅಂತ ಸ್ತಾಮೆಂಕಾ ಅಂಗೈಯಲ್ಲೇ ಬಾಯಿ ಒರೆಸಿಕೊಂಡು ಹೇಳಿದಳು. ಐವತ್ತೆರಡರ ಹೆಂಗಸು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಅವಳು ಮಾತ್ರ ನಗಲಿಲ್ಲ. ತಮಾಷೆಗೆ ಆಡಿದ ಮಾತೇ ಅವಳನ್ನು ಯೋಚನೆಗೆ ಹಚ್ಚಿತ್ತು. ಮಗಳಿಗೆ ಬಸುರಿನಿಂದ ತಲೆನೋವಾದರೆ ತನಗೆ ಯಾವುದರಿಂದ? ತನಗೂ ಗುರುವಾರವೇ ಯಾಕೆ? ಮುಂದೆ ಕೂತು ಕಿಟಕಿ ತೆರೆದುಕೊಂಡು ಸೇದುವವನಿಗೆ ಏನೂ ಇಲ್ಲ, ಹಿಂದೆ ಮುಚ್ಚಿಕೊಂಡು ಕೂತವರಿಗೇ ಯಾಕೆ?

ಮಾರನೇ ಬೆಳಗ್ಗೆ ಚೆದಾ ಪಕ್ಕದ ಮನೆಯವನ ಟ್ರ್ಯಾಕ್ಟರ್ ಹತ್ತಿ, ಸುಟ್ಟು ಚಟ್ನಿ ಮಾಡಿಡುವ ಕೆಂಪು ಮೆಣಸಿನಕಾಯಿ ಮೂಟೆ ತರೋಕೆ ಹೋದ. ಸ್ತಾಮೆಂಕಾ ಬಾನೆಟ್ ಎತ್ತಿ ಇಂಜಿನ್ ಶುರು ಮಾಡಿದಳು. ಟಕ್ ಟಕ್ ಟಕ್. ಇಷ್ಟು ವರ್ಷ ದೀಪ ಹಿಡಿದವಳಿಗೆ ಎಲ್ಲಿ ನೋಡಬೇಕು ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ. ಸದ್ದು ಮೇಲಿನ ಟ್ಯಾಪೆಟ್ಟಿನದಲ್ಲ, ಇಂಜಿನ್ನಿನ ಹಿಂಬದಿಯದು, ಕಾರಿನ ಒಳಗೋಡೆಗೆ ಅಂಟಿಕೊಂಡಂತಿರುವ ಜಾಗದ್ದು. ಪತ್ರಿಕೆಯ ಒಂದು ಚೂರು ಉದ್ದಕ್ಕೆ ಹರಿದು ಪೈಪು ಸೇರುವ ಕಡೆ ಹಿಡಿದಳು. ಕಾಗದ ಪಟಪಟ ಬಡಿದುಕೊಂಡಿತು. ಹೊರಗೆ ತೆಗೆದು ನೋಡಿದರೆ ತುದಿ ಮಸಿ. ಅದರ ಗೇಣುದ್ದ ಮೇಲೆ ಹೀಟರ್ ಗಾಳಿ ಎಳೆದುಕೊಳ್ಳುವ ಬಾಯಿ.

ಹೊಗೆ ಅಷ್ಟೂ ಒಳಗೆ. ಹೀಟರ್ ಪೂರ್ತಿ, ಕಿಟಕಿ ಪೂರ್ತಿ ಬಂದ್. ಮಗಳು ಕುಡಿದದ್ದು ಅದನ್ನು, ಮಗಳ ಹೊಟ್ಟೆಯಲ್ಲಿರುವುದು ಕುಡಿದದ್ದೂ ಅದನ್ನೇ.

ಇಂಜಿನ್ ಆರಿಸಿ ಶೆಡ್ಡಿನ ಗೋಡೆಗೆ ಒರಗಿದಳು. ಎದುರಿಗೇ ಮೊಳೆಗೆ ನೇತು ಹಾಕಿದ ಸಾಮಾನುಗಳ ಸಾಲು: ಬೆಲ್ಟು, ರಬ್ಬರು ಪೈಪು, ಅದರ ಪಕ್ಕದಲ್ಲಿ ಪ್ಲಾಸ್ಟಿಕ್ ಹೊದಿಕೆಯೂ ಬಿಚ್ಚದ ಹೊಸ ಪ್ಯಾಕಿಂಗ್. ಅಂಗಡಿಯಿಂದ ತಂದ ಅಸಲಿ ಮಾಲು. ಹಾಗಾದರೆ ಒಳಗೆ ಹಾಕಿದ್ದು ಏನು? ಅವಳಿಗೆ ನೆನಪಾಯಿತು. ಹಳೇ ಒಲೆಯ ಬಾಗಿಲಿಗೆ ಅಂಟಿಸಿದ್ದ ಕಲ್ನಾರಿನ ಹಾಳೆಯನ್ನು ಚೆದಾ ಕತ್ತರಿಯಿಂದ ಕತ್ತರಿಸುತ್ತಿದ್ದಾಗ ದೀಪ ಹಿಡಿದವಳು ತಾನೇ.

ಚೆದಾ ಮೂಟೆ ಇಳಿಸಿಕೊಂಡು ಬಂದವನೇ ಹೆಂಡತಿಯ ಮಸಿ ಕೈ ನೋಡಿ, ಎತ್ತಿದ ಬಾನೆಟ್ ನೋಡಿ, ಮುಖ ಕೆಂಪು ಮಾಡಿದ. "ಯಾರು ಮುಟ್ಟು ಅಂದ್ರು ಇದನ್ನ?"

"ಇದೇನಿದು?" ಅವಳು ಹೊಸ ಪ್ಯಾಕಿಂಗ್ ಅವನ ಎದೆಗೆ ಎಸೆದಳು.

"ಪ್ಯಾಕಿಂಗ್. ಇರಲಿ ಅಂತ ಇಟ್ಟಿದ್ದೆ. ಒಳ್ಳೇ ವಸ್ತು ಕಷ್ಟಕಾಲಕ್ಕೆ ಬೇಕು ಕಣೇ."

"ಕಷ್ಟಕಾಲಕ್ಕೆ! ಮಗಳು ನಿನ್ನೆ ಸತ್ತಂಗೆ ಬಿದ್ದಿದ್ಳಲ್ಲ ಮರದ ಕೆಳಗೆ, ಅದು ಯಾವ ಕಾಲ? ಹಬ್ಬಾನಾ? ಹೊಗೆ ಒಳಗೆ ಬರ್ತಿದೆ ಕಣೋ! ಹೊಗೆ!"

"ಬಾಯಿಗೆ ಬಂದಂಗೆ ಮಾತಾಡಬೇಡ. ನಾನು ಹಾಕಿದ್ದು ಸೋರತ್ತಾ? ಅವಳಿಗೆ ಆಗಿದ್ದು ಪ್ರೊಮಾಯಾ. ಎರಡು ಬೆರಳು ಕಿಟಕಿ ತೆಗೆದ್ಳಲ್ಲ, ಅದೇ ಹೊಡೆದಿದ್ದು."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾರಲ್ಲ, ಚೆದಾನ ಮೊಲಕ್ಕೆ ಅಷ್ಟೂ ಇರಲಿಲ್ಲ. ಸ್ತಾಮೆಂಕಾ ಮಸಿ ಹಿಡಿದ ಕಾಗದದ ಚೂರನ್ನು ಅವನ ಮೂಗಿನ ಮುಂದೆ ಹಿಡಿದಳು. ಅವನು ಮುಖ ತಿರುಗಿಸಿ, "ಹಳೇ ಇಂಜಿನ್ನು, ಎಲ್ಲಿ ಮುಟ್ಟಿದ್ರೂ ಮಸಿ" ಅಂದ.

ಅವಳಿಗೆ ಪಿತ್ತ ನೆತ್ತಿಗೇರಿತು. ಬಾನೆಟ್ ಧಡಾರನೆ ಮುಚ್ಚಿ, ಹಿಂದಿನ ಬಾಗಿಲು ತೆರೆದಳು. "ಹತ್ತು."

"ಏನು?"

"ನೆವೆನಾ ಕೂರೋ ಕಡೆ ಕೂತ್ಕೋ. ಪಟ್ಟಣಕ್ಕೆ ಹೋಗೋಣ. ಕಿಟಕಿ ಬಂದ್. ನಾನು ಓಡಿಸ್ತೀನಿ."

"ನೀನಾ?" ಅಂತ ಅವನು ನಕ್ಕ. ಆದರೆ ಬೇಲಿಯಾಚೆ ಮೆಣಸಿನಕಾಯಿ ಸುಡುತ್ತಿದ್ದವರೆಲ್ಲ ಕತ್ತೆತ್ತಿ ನೋಡುತ್ತಿದ್ದರು. ಮೇಸ್ತ್ರಿ ತನ್ನ ಕೈಕೆಲಸಕ್ಕೇ ಹೆದರಿದ ಅನ್ನಿಸಿಕೊಳ್ಳೋಕಾಗುತ್ತದೆಯೇ? ಹತ್ತಿ ಕೂತ.

ಗೇಟಿನಲ್ಲೇ ಇಂಜಿನ್ ಎರಡು ಸಲ ನಿಂತಿತು. "ಕ್ಲಚ್! ಕ್ಲಚ್ ಒತ್ತು!" ಅಂತ ಹಿಂದಿನಿಂದ ಕೂಗಿದ.

"ಒತ್ತೋದು, ಹಿಡಿಯೋದು, ಬಿಡೋದು ನೀನು ನನಗೆ ಕಲಿಸಬೇಡ!"

ಊರು ದಾಟಿತು. ಏರು ಬಂತು. ಅವಳು ಹೀಟರ್ ಪೂರ್ತಿ ಹಚ್ಚಿದಳು. ಮೊದಮೊದಲು ಚೆದಾನ ಬಾಯಿ ನಿಲ್ಲಲಿಲ್ಲ. ಗೇರು ಬದಲಿಸೋದು ಹಾಗಲ್ಲ, ಎಮ್ಮೆ ಎಳೆದಂಗೆ ಎಳೀಬೇಡ, ನೋಡು ನನಗೇನೂ ಆಗಿಲ್ಲ, ಹಾಡು ಬೇಕಾದರೂ ಹೇಳ್ತೀನಿ. ಹಾಡಲಿಲ್ಲ. ಸ್ವಲ್ಪ ಹೊತ್ತಿಗೆ ಮಾತು ಕಡಿಮೆಯಾಯಿತು. ಆಮೇಲೆ ಅಂಗಿಯ ಗುಂಡಿ ಬಿಚ್ಚಿದ. ಆಮೇಲೆ ಕಣ್ಣು ಉಜ್ಜಿದ. ಸ್ತಾಮೆಂಕಾಳ ಹಣೆಯಲ್ಲೂ ನರ ಬಡಿಯೋಕೆ ಶುರುವಾಗಿತ್ತು. ಹಲ್ಲು ಕಚ್ಚಿ ಓಡಿಸಿದಳು.

"ಸ್ತಾಮೆಂಕಾ... ಕಿಟಕಿ ಒಂಚೂರು..."

"ಪ್ರೊಮಾಯಾ ಬರತ್ತೆ."

ಹಿಡಿ ಅವನ ಮೊಣಕಾಲಿನ ಪಕ್ಕದಲ್ಲೇ ಇತ್ತು. ಮೊದಲು ಜಂಭಕ್ಕೆ ಮುಟ್ಟಲಿಲ್ಲ. ಮುಟ್ಟಬೇಕು ಅನ್ನಿಸಿದಾಗ ಕೈ ಬರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಅವನ ತಲೆ ಗಾಜಿಗೆ ಒರಗಿ ರಸ್ತೆಯ ಗುಂಡಿಗೆ ತಕ್ಕಂತೆ ಕುಣಿಯುತ್ತಿತ್ತು, ಬಾಯಿ ಅರ್ಧ ತೆರೆದಿತ್ತು. ಥೇಟ್ ನೆವೆನಾ ನಿನ್ನೆ ಇದ್ದ ಹಾಗೆ. ಸ್ತಾಮೆಂಕಾ ಬ್ರೇಕ್ ಒತ್ತಿದಳು.

ಕಾಲರ್ ಹಿಡಿದು ಹೊರಗೆಳೆದು ರಸ್ತೆ ಪಕ್ಕದ ಹುಲ್ಲಿನ ಮೇಲೆ ಕೆಡವಿದಳು. ನಾಲ್ಕು ಕಾಲಲ್ಲಿ ನಿಂತು ವಾಂತಿ ಮಾಡಿದ. ತುಂಬಾ ಹೊತ್ತು ಮಾಡಿದ. ಆಮೇಲೆ ಕೂತು, ಮೂಗು ಒರೆಸಿಕೊಂಡು, ಕಾರನ್ನೇ ನೋಡಿದ.

"ಇಷ್ಟು ದೂರ... ಪ್ರತೀ ವಾರ... ನೆವೆನಾ?"

"ಇಷ್ಟಲ್ಲ. ಇದು ಅರ್ಧ ದಾರಿ. ಮುಂದೆ ಇನ್ನರ್ಧ, ಆಮೇಲೆ ವಾಪಸು."

ಅವನು ಮುಖ ಮುಚ್ಚಿಕೊಂಡ. ಭುಜ ಅಲುಗಿತು. ಅವಳಿಗೆ ಅಯ್ಯೋ ಅನ್ನಿಸಲಿಲ್ಲ. ಇನ್ನಷ್ಟು ಬೈಯಬೇಕು ಅಂತ ಬಾಯಿ ತೆರೆದಳು. ಮಾತಿನ ಬದಲು ನೆನಪಿಗೆ ಬಂದದ್ದು ಬೇರೆಯೇ: ಮಗಳ ಹೊಟ್ಟೆಯ ಮೇಲಿಂದ ಬಾಗಿ ತಾನೇ ಗರಗರ ತಿರುಗಿಸಿದ ಹಿಡಿ. ಅವನು ಬರೀ ಗದರಿದ್ದ, ಮುಚ್ಚಿದ ಕೈ ತನ್ನದು. ಆ ಕೈಯನ್ನು ಯಾರ ಎದೆಗೆ ಎಸೆಯೋದು? ಸಿಟ್ಟೆಲ್ಲ ತಿರುಗಿ ಬಂದು ಅವಳ ಮೇಲೇ ಬಿತ್ತು. ಸ್ತೊಯಾದಿನ್‌ನ ಬಾಗಿಲಿಗೆ ಕಾಲೆತ್ತಿ ಒದ್ದಳು. ಮತ್ತೆ ಒದ್ದಳು. ಬಾಗಿಲಿನ ತಗಡು ಒಳಕ್ಕೆ ತಗ್ಗಿತು. ಚೆದಾ ತಲೆ ಎತ್ತಿ ನೋಡಿದ, ಮತ್ತೆ ತಗ್ಗಿಸಿದ.

ಅಲ್ಲಿಂದ ನಾಲ್ಕೂ ಕಿಟಕಿ ಇಳಿಸಿ ಮನೆಗೆ ಓಡಿಸಿದಳು. ಅವನು ಆ ಸಂಜೆಯೇ ಎಲ್ಲ ಬಿಚ್ಚಿ ಹೊಸ ಪ್ಯಾಕಿಂಗ್ ಹಾಕೋಕೆ ಕೂತ. ದೀಪ ಹಿಡಿಯೋಕೆ ಅವಳು ಹೋಗಲಿಲ್ಲ. ದೀಪವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಒಬ್ಬನೇ ಮಾಡಿದ.

ನೆವೆನಾಗೆ ಅಡುಗೆಮನೆಯಲ್ಲಿ ನಿಜ ಹೇಳಿದ್ದು ಸ್ತಾಮೆಂಕಾ. ಒಂದೂ ಮುಚ್ಚಿಡಲಿಲ್ಲ, ಕಿಟಕಿ ಮುಚ್ಚಿದ್ದನ್ನೂ ಸೇರಿಸಿ ಹೇಳಿದಳು. ನೆವೆನಾ ಹೊಟ್ಟೆ ಹಿಡಿದುಕೊಂಡು ಕೊನೆಯವರೆಗೂ ಕೇಳಿಸಿಕೊಂಡಳು. "ಹಾಗಾದ್ರೆ ಇದಕ್ಕೇನಾಗಿದೆ, ಅಮ್ಮ?" ಅಂದಳು. ಅದೊಂದೇ ಪ್ರಶ್ನೆ.

ಮಾರನೇ ಬೆಳಗ್ಗೆಯೇ ಗುರುವಾರಕ್ಕೆ ಕಾಯದೆ ಹೊರಟರು. ಚೆದಾ ಗೇಟಿನ ಹತ್ತಿರ ಕಾರು ತಂದು ನಿಲ್ಲಿಸಿ, "ಸರಿ ಮಾಡಿದೀನಿ, ಕಾಗದ ಹಿಡಿದು ನೋಡಿದೀನಿ" ಅಂದ. ಸ್ತಾಮೆಂಕಾ ಅವನ ಕಡೆ ತಿರುಗಿಯೂ ನೋಡದೆ ಮಗಳ ಕೈ ಹಿಡಿದು ಬಸ್ಸಿಗೆ ನಡೆದಳು.

ಡಾಕ್ಟರಮ್ಮ ಕೇಳಿ ಬೈದರು. "ತಲೆನೋವು ಅಂತ ಮೊದಲೇ ಯಾಕಮ್ಮಾ ಹೇಳ್ಲಿಲ್ಲ?" ರಕ್ತ ತೆಗೆದರು, ಹೊಟ್ಟೆಯ ಮೇಲೆ ಯಂತ್ರ ಇಟ್ಟು ತುಂಬಾ ಹೊತ್ತು ನೋಡಿದರು. ಗುಂಡಿಗೆಯ ಬಡಿತ ಚೆನ್ನಾಗಿದೆ ಅಂದರು. ಮಗು ತಿಂಗಳಿಗೆ ತಕ್ಕಷ್ಟು ಬೆಳೆದಿಲ್ಲ ಅಂದರು. ಒಳಗೆ ಬೇರೇನಾದರೂ ಆಗಿದೆಯಾ ಅಂತ ಸ್ತಾಮೆಂಕಾ ಕೇಳಿದ್ದಕ್ಕೆ, "ಹುಟ್ಟೋವರೆಗೂ ಹೇಳೋಕಾಗಲ್ಲ. ಹುಟ್ಟಿದ ಮೇಲೂ ಸ್ವಲ್ಪ ಕಾಲ ಹೇಳೋಕಾಗಲ್ಲ" ಅಂದರು.

ಹೊರಗೆ ಬಂದರೆ ಎದುರಿಗೆ ಸ್ತೊಯಾದಿನ್. ರಾತ್ರಿ ಮಳೆಯಾಗಿ ಬೆಟ್ಟದ ಕಡೆಯಿಂದ ಚಳಿಗಾಳಿ ಎದ್ದಿತ್ತು. ಚೆದಾ ಬಸ್ಸಿನ ಹಿಂದೆಯೇ ಬಂದಿದ್ದ. ನಾಲ್ಕೂ ಕಿಟಕಿ ಕೊನೆಯವರೆಗೆ ಇಳಿಸಿ ಆ ಗಾಳಿಯ ನಡುಮಧ್ಯೆ ಕೂತಿದ್ದ. ಟೋಪಿ ಇಲ್ಲ, ಮಫ್ಲರ್ ಇಲ್ಲ. ತಲೆ ಸ್ನಾನ ಮಾಡಿಕೊಂಡು ಒದ್ದೆ ಕೂದಲಲ್ಲೇ ಬಂದಿದ್ದ. ಒದ್ದೆ ತಲೆಗೆ ಪ್ರೊಮಾಯಾ! ನಮ್ಮಲ್ಲಿ ಸಾಯಬೇಕು ಅಂದುಕೊಂಡವನೂ ಹಾಗೆ ಕೂರುವುದಿಲ್ಲ. ತುಟಿ ನೀಲಿಯಾಗಿತ್ತು.

"ಅಮ್ಮ, ಹೋಗೋಣ. ನನಗೆ ನಡೆಯೋಕಾಗಲ್ಲ" ಅಂದಳು ನೆವೆನಾ.

ಸ್ತಾಮೆಂಕಾ ಹೋಗಿ ಬಾನೆಟ್ ಎತ್ತಿಸಿದಳು. ಇಂಜಿನ್ ಶುರು ಮಾಡಿಸಿ ಕಾಗದದ ಚೂರು ಹಿಡಿದಳು. ಅಲ್ಲಾಡಲಿಲ್ಲ. ಮತ್ತೊಂದು ಹರಿದು ಹಿಡಿದಳು. ಆಮೇಲೆ ಮಗಳನ್ನು ಹಿಂದೆ ಕೂರಿಸಿ ತಾನೂ ಪಕ್ಕದಲ್ಲಿ ಕೂತಳು.

ಗಾಳಿ ಈ ಕಡೆಯಿಂದ ನುಗ್ಗಿ ಆ ಕಡೆ ಹೋಗುತ್ತಿತ್ತು. ಚೆದಾನ ಹಲ್ಲು ಕಟಕಟ ಅನ್ನುವುದು ಹಿಂದಿನವರಿಗೆ ಕೇಳುತ್ತಿತ್ತು. ಏರಿನಲ್ಲಿ ಇಂಜಿನ್ ಬಿಸಿಯಾಯಿತು. ಅವನು ಹೀಟರ್ ಹಚ್ಚಲಿಲ್ಲ, ಕಾರು ನಿಲ್ಲಿಸಿ, ಅದು ತಣ್ಣಗಾಗುವವರೆಗೆ ಕಾದು, ಮತ್ತೆ ಹೊರಟ.

"ಅಪ್ಪಾ, ಚಳಿ ಆಗ್ತಿದೆ" ಅಂದಳು ನೆವೆನಾ. "ಕಿಟಕಿ ಮುಚ್ಚಿ."

ಚೆದಾ ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿದ. ಸ್ತಾಮೆಂಕಾ ಕನ್ನಡಿಯಲ್ಲಿ ಅವನನ್ನು ನೋಡಿದಳು. ಇಬ್ಬರ ಕೈಯ ಪಕ್ಕದಲ್ಲೂ ಹಿಡಿ ಇತ್ತು.

"ಅಮ್ಮ, ಮುಚ್ಚೇ. ಚಳಿ."

ಸ್ತಾಮೆಂಕಾ ತನ್ನ ಕೋಟು ಬಿಚ್ಚಿ ಮಗಳ ಹೊಟ್ಟೆಯ ಮೇಲೆ ಹೊದಿಸಿದಳು. ಚೆದಾ ಓಡಿಸುತ್ತಲೇ ತನ್ನದನ್ನೂ ಬಿಚ್ಚಿ ಹಿಂದಕ್ಕೆ ಕೊಟ್ಟ. ಕಿಟಕಿಯನ್ನು ಇಬ್ಬರಲ್ಲಿ ಒಬ್ಬರೂ ಮುಟ್ಟಲಿಲ್ಲ.